ಕೊನ್ಯೊಕೊನ್ಯೊ ಸಂತೆಯಲ್ಲಿ ಹಲಗೆ ಬರೆಯುವವ

ಒಪ್ಪಂದಕ್ಕೆ ಸಹಿ ಬಿದ್ದ ವಾರ
ನನ್ನ ಅಂಗಡಿಗೆ ಏಳು ಮಂದಿ ಮಂತ್ರಿಗಳು ಬಂದರು.
ಅವರಲ್ಲ, ಅವರ ಡ್ರೈವರುಗಳು.
ಹಲಗೆ ಬೇಕು, ನಾಳೆ ಬೆಳಿಗ್ಗೆಯೇ ಬೇಕು,
ಹಿತ್ತಾಳೆಯ ಹಾಗೆ ಕಾಣಬೇಕು,
ಹಿತ್ತಾಳೆಗೆ ದುಡ್ಡಿಲ್ಲ.

ಹಳದಿಗೆ ಹನಿ ಕಂದು ಬೆರೆಸಿದರೆ
ಹತ್ತಡಿ ದೂರಕ್ಕೆ ಹಿತ್ತಾಳೆ.
ಇಷ್ಟು ಬಲ್ಲೆ. ಪಿತಿಯಾ ಎಂಬ ಈ ನಾನು
ರಾಜ್ಯಶಾಸ್ತ್ರ ಓದಿದವನಲ್ಲ,
ಆದರೂ ದೇಶದ ವಯಸ್ಸನ್ನು
ಹಲಗೆಯ ಅಂಚು ಮುಟ್ಟಿ ಹೇಳುತ್ತೇನೆ:
ಚಾಕುವಿಗೆ ಪದರ ಪದರ ಏಳುತ್ತದೆ,
ನೀಲಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಹಸಿರು,
ಗೃಹಖಾತೆಯ ಕೆಳಗೆ ಮೀನುಗಾರಿಕೆ,
ಮೀನುಗಾರಿಕೆಯ ಕೆಳಗೆ ಯುದ್ಧಕ್ಕೆ ಮುಂಚಿನ ಯಾರೋ,
ಗಡಿ ದಾಟಿದನೋ, ಮಣ್ಣಾದನೋ,
ಅರ್ಧ ಹೆಸರು ಮಾತ್ರ ಉಳಿದಿದೆ.
ಅದರಡಿಗೆ ಯೇಯ್ ಕಡೆಯಿಂದ ಲಾರಿಯಲ್ಲಿ ಬಂದ ತೇಗ.

ಉಪಾಧ್ಯಕ್ಷರ ಹಲಗೆಗಳೆಲ್ಲ ಒಂದೇ ಅಳತೆಯಂತೆ.
ಬೆರಳಗಲ ಹೆಚ್ಚಾದರೂ ಒಪ್ಪಂದ ಮುರಿದೀತಂತೆ.
ಒಬ್ಬನ ಅಂಗರಕ್ಷಕ ಟೇಪು ಹಿಡಿದು ಅಳೆದ,
ಇನ್ನೊಬ್ಬನ ಅಂಗರಕ್ಷಕ ಆ ಟೇಪನ್ನೇ ಅಳೆದ.
ಆಮೇಲೆ ಇಬ್ಬರೂ ಕಿಡೆನಳ ಚಹಾ ಒಲೆಯ ಬಳಿ
ಬಂದೂಕುಗಳನ್ನು ಒಂದೇ ಬೇವಿನ ಮರಕ್ಕೆ ಒರಗಿಸಿ ಕೂತರು.
ಸಕ್ಕರೆ ಎಷ್ಟು ಚಮಚ ಎಂದಳು.
ಐದು, ಎಂದರು ಒಟ್ಟಿಗೇ.
ಶಾಂತಿಯೆಂಬುದನ್ನು ನಾನು ಕಣ್ಣಾರೆ ಕಂಡದ್ದು ಅಷ್ಟೇ,
ಅದೂ ಲೋಟ ಬರಿದಾಗುವ ತನಕ.

ರಾತ್ರಿ ಟೀವಿಯಲ್ಲಿ ಆಜ್ಞೆ ಓದುತ್ತಾರೆ.
ಬಣ್ಣ ಒಣಗುವ ಮೊದಲೇ ಒಬ್ಬ ಹೋಗಿರುತ್ತಾನೆ.
ಅದಕ್ಕೇ ನಾನು ‘ಗೌರವಾನ್ವಿತ’ ಮೊದಲು ಬರೆದಿಡುತ್ತೇನೆ,
ಹೆಸರು ಕೊನೆಗೆ.
ಗೌರವಾನ್ವಿತ ಯಾವತ್ತೂ ದಂಡವಾಗುವುದಿಲ್ಲ.

ಗುರುವಾರ ಒಬ್ಬಳು ನಡೆದೇ ಬಂದಳು, ಶಿಬಿರದಿಂದ.
ಕಾಲಿನ ಧೂಳು ಮೊಣಕಾಲ ತನಕ.
ಹೆಸರು ನ್ಯಾದಾಕ್. ಹುದ್ದೆ:
ನಾಲ್ಕನೇ ನಲ್ಲಿಯ ಸರತಿಗೆ ಅಧ್ಯಕ್ಷೆ.
ನಾನು ನಕ್ಕೆ. ಅವಳು ನಗಲಿಲ್ಲ.
ತಗಡಿನ ಡಬ್ಬಿಗೆ ಜೋಳದ ಕಾಳು ಹಾಕಿ ಆರಿಸಿದರಂತೆ,
ಮೂರು ಕಾಳಿನಿಂದ ಗೆದ್ದಳಂತೆ.
ಸೋತವಳಿಗೆ ಅಕ್ಷರ ಬರುತ್ತದೆ,
ಇಕೋ, ಈ ಚೀಟಿ ಬರೆದುಕೊಟ್ಟವಳು ಅವಳೇ.

‘ನೀರು. ಕೊಡ ಇಟ್ಟ ಕ್ರಮದಲ್ಲೇ.’
ನಾಲ್ಕು ಭಾಷೆಯಲ್ಲಿ.
ನಿನ್ನ ಹೆಸರು ಎಲ್ಲಿ ಬರೆಯಲಿ?
ಬೇಡ, ಮಳೆ ಹಿಡಿಯುವಷ್ಟರಲ್ಲಿ ನಾನು ಇಳಿಯುತ್ತೇನೆ.
ಹೆಸರಿಲ್ಲದ ಹಲಗೆಗೆ ಎಷ್ಟು ಕೇಳಬೇಕೋ
ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಅರಬ್ಬಿ ಬರೆದೆ. ಇಂಗ್ಲಿಷ್ ಬರೆದೆ.
ಡಿಂಕಾದಲ್ಲಿ ಪಿಯು, ನಮ್ಮಲ್ಲಿ ಪಿಯೋಂಗ್,
ಅವಳ ನುಯೆರ್‌ನಲ್ಲಿ ಪೀ. ಆ ಪದ ನನಗೆ ಗೊತ್ತಿತ್ತು,
ಅವಳ ಭಾಷೆಯಲ್ಲಿ ಅದೊಂದೇ ಗೊತ್ತಿತ್ತು.
ಆ ಜುಲೈ, ಗುಂಡು ನಿಂತ ಮಧ್ಯರಾತ್ರಿ,
ನನ್ನ ಬಾಗಿಲ ಹೊರಗೆ ಒಬ್ಬ ಅದನ್ನೇ ಹೇಳುತ್ತಿದ್ದ,
ಬೆಳಕು ಹರಿಯುವ ತನಕ, ತಗ್ಗುತ್ತ ತಗ್ಗುತ್ತ.
ಒಳಗೆ ಎರಡು ಬಿಂದಿಗೆ ತುಂಬಿದ್ದವು.
ಅಗುಳಿಯ ಮೇಲೆ ನನ್ನ ಕೈಯಿತ್ತು.

ನ್ಯಾದಾಕ್ ಬಗ್ಗಿ ನೋಡಿದಳು. ತಪ್ಪು, ಎಂದಳು.
ನಾನು ಬೆವೆತೆ.
ಸ್ವರದ ಕೆಳಗೆ ಗೆರೆ ಬೇಕು,
ಅದು ಉಸಿರು ಬಿಟ್ಟು ಹೇಳುವ ಸ್ವರ,
ಗೆರೆಯಿಲ್ಲದಿದ್ದರೆ ಗಂಟಲು ಕಟ್ಟಿದ ಹಾಗೆ.
ಎಲ್ಲಿ, ಹೇಳು ನೋಡೋಣ.

ಹೇಳಿದೆ. ಇನ್ನೊಮ್ಮೆ, ಎಂದಳು.

ಹೊರಗೆ ಯಾವುದೋ ಖಾತೆಯ ಕಾರು
ಬಿಡದೆ ಹಾರನ್ ಹೊಡೆಯುತ್ತಿದೆ.
ಕುಂಚದ ತುದಿಯಲ್ಲಿ ಎರಡು ಕೂದಲು ಬಿಟ್ಟು
ಮಿಕ್ಕಿದ್ದು ಹಿಂಡಿ ತೆಗೆದಿದ್ದೇನೆ.
ಗೆರೆ ಸಣ್ಣದು. ಕೈ ನಿಲ್ಲುತ್ತಿಲ್ಲ.