ಗಾಳಿಬೇಲಿ

ಉತ್ತರ ಸಮುದ್ರ. ಮೂವತ್ತು ಮೀಟರ್ ಕೆಳಗೆ, ಮರಳ ಮೇಲೆ
ಸುತ್ತು ಹಾಕಿ ಮಲಗಿದೆ ರಬ್ಬರ್ ಕೊಳವೆ,
ಮೈತುಂಬ ಸೂಜಿತೂತು.
ಡೆಕ್ಕಿನಲ್ಲಿ ಹನ್ನೆರಡು ಕಂಪ್ರೆಸರ್, ಅವಕ್ಕೆಲ್ಲ ಒಡತಿ ಫ್ರೌಕೆ.
ಎಂಡೆನ್ ಊರಿನವಳು, ಐವತ್ತೆಂಟು, ಎಡಗಿವಿ ಮಂದ.
ಕೀಲಿ ತಿರುವುತ್ತಾಳೆ.

ಮೊದಲು ಏನೂ ಇಲ್ಲ.
ಆಮೇಲೆ ಒಲೆಯ ಮೇಲೆ ಮರೆತ ಹಾಲಿನಂತೆ
ಕಡಲು ಅಂಚುಗುಂಟ ಉಕ್ಕುತ್ತದೆ,
ಹಡಗಿನ ಸುತ್ತ ಬಿಳಿಯ ಬಳೆ.

ನೀರಗುಳ್ಳೆಯ ನಂಬಬೇಡ ಎಂದೇ ಕಲಿಸಿದೆ ನನ್ನ ಭಾಷೆ.
ಇಲ್ಲಿ ಅದನ್ನೇ ನಂಬಿ ಗೋಡೆ ಎಬ್ಬಿಸಿದ್ದಾರೆ.

ನೀರಿಗೆ ಮೈಕು ಇಳಿಬಿಟ್ಟು ಕೂತ ಯೊರಿಸ್
ಒಂದು ಇಯರ್‌ಫೋನು ನನಗೂ ಕೊಟ್ಟ.
ಕೊಳವೆ ಬಿಟ್ಟು ಹೊರಬೀಳುವಾಗ
ಪ್ರತಿ ಗುಳ್ಳೆಯೂ ಒಮ್ಮೆ ಹಿಗ್ಗಿ ಕುಗ್ಗಿ ಟಿಣ್ ಎನ್ನುತ್ತದಂತೆ.
ಕಡಲೆಯಷ್ಟಿದ್ದರೆ ಒಂದು ದನಿ,
ಸಾಸಿವೆಯಷ್ಟಿದ್ದರೆ ಬಲು ಕೀರಲು.
ಅದೇ ಗಾತ್ರದ್ದು ತಳದಲ್ಲಿ ಮೇಲಿನ ಷಡ್ಜ ಹಿಡಿಯುತ್ತದೆ:
ಅಷ್ಟು ನೀರು ಎದೆಯ ಮೇಲೆ ಕೂತರೆ
ಯಾರ ದನಿಯಾದರೂ ಏರುವುದೇ.
ಬಿಗಿತ ಸಡಿಲಿ, ಉಬ್ಬಿ, ಮೇಲೆ ಬರುವ ಹೊತ್ತಿಗೆ
ತಟ್ಟಿ ನೋಡು, ಮಂದ್ರ.
ಒಡಲು ಏರಿದಷ್ಟೂ ಶ್ರುತಿ ಇಳಿಯುತ್ತದೆ.

ಅಷ್ಟರಲ್ಲಿ ಸುತ್ತಿಗೆ.
ಮನೆಯಗಲದ ಉಕ್ಕಿನ ಕಂಬ, ಅದರ ನೆತ್ತಿಗೆ.
ಏಟು ನೀರಿಗಿಳಿದು
ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ಓಡಿ
ಬೇಲಿಗೆ ಬಂದು ತಡವರಿಸುತ್ತದೆ.
ಎದುರಿಗೆ ಉಕ್ಕು ಇದ್ದಿದ್ದರೆ ಕುಟ್ಟಿಕೊಂಡು ದಾಟುತ್ತಿತ್ತು.
ಇವು ಎದುರು ನಿಲ್ಲುವುದಿಲ್ಲ, ಬಾ ಎನ್ನುತ್ತವೆ.
ತಂತಮ್ಮ ಶ್ರುತಿಗೆ ಒಪ್ಪುವ ಚೂರು ಹೆಕ್ಕಿಕೊಂಡು
ನಡುಗಿ, ನಡುಗಿ,
ತುಸು ಬೆಚ್ಚಗಾಗಿ, ಅಲ್ಲೇ ಮುಗಿಸಿಬಿಡುತ್ತವೆ.
ಆಚೆ ದಾಟಿದ್ದು
ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡಷ್ಟು.

ಬೇಲಿಯಾಚೆ ಎಲ್ಲೋ ಒಂದು ಕಡಲಹಂದಿ,
ಮಗ್ಗುಲಿಗೆ ಮರಿ,
ಟಿಕಟಿಕ ಮೀನು ಹುಡುಕುತ್ತಿದೆ.
ನಮಗೆ ಕಾಣಲಿಲ್ಲ. ಯೊರಿಸನ ತೆರೆಯ ಮೇಲೆ ಗೀರುಗೀರು.

ಎಡಗಿವಿ?
ಕೇಳಬಾರದಿತ್ತು, ಕೇಳಿದೆ.
"ಹತ್ತೊಂಬತ್ತು ವರ್ಷ ಆಗ. ಬಂದರಿನಲ್ಲಿ ಇಂಥದೇ ಕಂಬ ಹೊಡೆಯುತ್ತಿದ್ದರು.
ನಾನು ಅಡುಗೆದೋಣಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ,
ಎಡಗಡೆ ಕಿಟಕಿ."
ಅಷ್ಟೇ. ಮತ್ತೆ ಮಾಪಕ ನೋಡಲು ಎದ್ದಳು.

ಸಂಜೆ ಕಂಪ್ರೆಸರ್ ನಿಂತವು.
ಬಳೆ ಸವೆಯಿತು, ಒಡೆಯಿತು,
ಕಡಲು ಮತ್ತೆ ಬರಿಯ ಕಡಲು.
ಫ್ರೌಕೆ ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ
ಮೇಲಿಂದ ಸುಡುಸುಡು ಚಹಾ ಸುರಿದು
ಬಲಗಿವಿ ಬಗ್ಗಿಸಿ ಕಾದಳು.
ಚಿಟ್.
ಸಕ್ಕರೆ ಬಿರಿದ ಸದ್ದು. ನಕ್ಕಳು.
ಇನ್ನೂ ಒಂದಿದೆ, ಬೇಗ ಬಾ ಎಂದು
ಬಟ್ಟಲನ್ನು ನನ್ನ ಕಿವಿಯತ್ತ ಹಿಡಿದಳು.