ಬಾಲ ಹಿಡಿದ ಕೈ

ಕ್ಲಾತೆನ್ ದಾಟಿ, ಭತ್ತದ ಗದ್ದೆಗಳ ನಡುವೆ
ಆಳೆತ್ತರ ಬೂದಿ ಅಗೆದಾಗ ಸಿಕ್ಕ ಗುಡಿ.
ಬೀಗದ ಕೈ ಪಾರ್ಜಿಯೆಮಳ ಸೊಂಟದಲ್ಲಿ.
ಬೆಳಗಿನ ನಮಾಜು ಮುಗಿಸಿ ಬರುತ್ತಾಳೆ,
ತೆಂಗಿನ ನಾರು, ಒಂದು ಬಕೆಟ್ ನೀರು;
ಸೋಪು ಕೂಡದೆಂದು ಇಲಾಖೆಯ ಅಪ್ಪಣೆ.

ಎಂಟು ಕೈ. ಎಣಿಸಿದರೆ ಆರೂವರೆ.
ಶಂಖದ ಸಂದಿಯಲ್ಲಿ ಕಣಜದ ಗೂಡು,
ಅದನ್ನವಳು ಮುಟ್ಟುವುದಿಲ್ಲ.
ಕೆಳಗೆ ಕೋಣ, ಕಾಲು ಮಡಚಿ,
ಮೆಂದು ಮಲಗಿದ ಹಾಗೆ.
ನೆತ್ತಿಯಿಂದೆದ್ದ ರಕ್ಕಸ ಗಿಡ್ಡ,
ಗುಂಗುರು ಕೂದಲು ದೇವಿಯ ಮುಷ್ಟಿಯಲ್ಲಿ.

"ವಧೆ," ಎನ್ನುತ್ತಾನೆ ಜೋಗ್ಜಾದಿಂದ ಬಂದ ಗೈಡು,
ಕೊಡೆಯ ತುದಿಯಿಂದ ಕೊರಳು ತೋರಿಸಿ.
ವಧೆ, ಎಂದು ಬರೆದುಕೊಳ್ಳುತ್ತಾರೆ ಶಾಲೆಯ ಹುಡುಗರು.

ಪಾರ್ಜಿಯೆಮ್ ನೋಡುವುದು ಬಲಗಡೆಯ ಕೆಳಗೈ:
ಬಾಲ ಹಿಡಿದದ್ದು.
ಬುಡದಲ್ಲೇ, ಹೆಬ್ಬೆರಳು ಒಳಕ್ಕೆ ಮಡಚಿ.
ಕೊಲ್ಲುವವಳು ಬಾಲ ಯಾಕೆ ಹಿಡಿದಾಳು?
ಕೆಸರಲ್ಲಿ ಕೂತುಬಿಟ್ಟ ಎಮ್ಮೆಯನ್ನು
ಎಬ್ಬಿಸಿದವಳಿಗೆ ಗೊತ್ತು ಆ ಪಟ್ಟು.
ಕೆತ್ತಿದವನ ಮನೆಯಲ್ಲೂ ಯಾರೋ ಒಬ್ಬಳು
ಹೀಗೇ ಜಗ್ಗಿರಬೇಕು, ಬೈದಿರಬೇಕು,
ಅವನು ಉಳಿ ಕೆಳಗಿಟ್ಟು ನೋಡಿರಬೇಕು,
ಏಳದೆ, ಸಹಾಯಕ್ಕೂ ಹೋಗದೆ.

ವಾಗಿಯೊ ಎಮ್ಮೆ ಮಾರಿ ಟಿಲ್ಲರು ತಂದು ಮೂರು ವರ್ಷ.
ಅದಕ್ಕೆ ಬಾಲವಿಲ್ಲ. ಹೆಸರೂ ಇಲ್ಲ.

ಇಂದು ಮಳೆ, ಯಾರೂ ಬರಲಿಲ್ಲ.
ಪಾಚಿ ಉಜ್ಜುತ್ತ ಉಜ್ಜುತ್ತ
ನಾರು ಬದಿಗಿಟ್ಟು
ಕಲ್ಲ ಬೆರಳ ಮೇಲೆ ತನ್ನವನ್ನಿಟ್ಟಳು.
ಕೂತವು ಸರಿಯಾಗಿ, ಕಿರುಬೆರಳೊಂದು ಬಿಟ್ಟು:
ಅವಳದ್ದು ಹಗ್ಗ ಸುತ್ತಿ ಎಂದೋ ಮುರಿದದ್ದು.

ಸುತ್ತ ನೋಡಿ, ಮೆಲ್ಲಗೆ,
"ಹೈ, ಏಳು," ಅಂದಳು ಕೋಣಕ್ಕೆ.