ಎಂಬತ್ತೆರಡು ಕೊಂಡಿ

ಮೊದಲು ಪಿವಿಸಿ ಪೈಪು ಸೀಳಿ ಮಾಡಿದ್ದೆ.
ಹಗುರ, ಅಗ್ಗ, ಆಕ್ಸಾ ಬ್ಲೇಡಿಗೆ ಬೆಣ್ಣಿ.
ಏಪ್ರಿಲ್ ಬಿಸಲಾಗ ಮಾಳಿಗಿ ಮ್ಯಾಲ ಇಟ್ಟು
ಚಾ ಕುಡದು ಬರೂದ್ರಾಗ
ಹಪ್ಪಳದಂಗ ಸೊಟ್ಟಾಗಿ ಕುಂತಿತ್ತು.
ವಾಡಿ ಬಿಸಲು ಯಾರ ಮುಲಾಜೂ ನೋಡಂಗಿಲ್ಲ.

ನಮ್ಮ ಟ್ಯಾಂಕು ಸಣ್ಣದಲ್ಲ ನೋಡ್ರಿ,
ಹೊರಸಿನಷ್ಟು ಉದ್ದ, ಅರವತ್ತೆಂಟು ಕಿಲೋ,
ಆಟೋದ ಎರಡು ಬ್ಯಾಟರಿ ಹೊಟ್ಟ್ಯಾಗ.
ತೋಪು ಮಾತ್ರ ಸುಳ್ಳು, ಸೈಕಲ್ ಪಂಪಿನ ಕೊಳವಿ.
ಇಷ್ಟು ಭಾರ ಹೊತ್ತು ತಿರುಗಬೇಕಂದ್ರ
ಕಾಲಾಗ ಏನು ಹಾಕಬೇಕು?

ಅಲ್ಯುಮಿನಿಯಂ ಅಂದ ರುಕ್ನೋದ್ದೀನ,
ಕಿಟಕಿ ಅಂಗಡಿ ಚೂರು ಚೀಲ ತುಂಬಿ ತಂದ.
ಛಲೋ ಓಡ್ತು, ಬೆಳ್ಳಿಯಂಗ ಹೊಳೀತು,
ಹದಿನೈದು ದಿನಕ್ಕ
ದುಂಡನ ತೂತು ತತ್ತಿ ಆಕಾರ ಆದವು.

ಉಕ್ಕು ಹಾಕಿದ್ವಿ. ಉಕ್ಕು ಸವೀಲಿಲ್ಲ,
ಪಡಸಾಲಿ ಫರಸಿ ಸವೀತು.
ಶಾಬಾದ ಕಲ್ಲಿನ ಮ್ಯಾಲ ಗೀರೋ ಗೀರು.
ನಮ್ಮ ಗುಂಡಮ್ಮ ನಾಲ್ಕು ದಿನ ಮಾತು ಬಿಟ್ಟಳು,
ಆಮ್ಯಾಲ ಬಿಟ್ಟದ್ದನ್ನೆಲ್ಲ ಸೇರಿಸಿ ಆಡಿದಳು.

ಇಪ್ಪತ್ತೊಂಬತ್ತು ವರ್ಷ ಸಿಮೆಂಟ್ ಕಾರ್ಖಾನ್ಯಾಗ
ಬೆಲ್ಟಿನ ಪಾಳಿ ಮಾಡಿದವ ನಾನು.
ಕಲ್ಲು ಹೊತ್ತು ಹೋಗೋ ರಬ್ಬರ್ ಬೆಲ್ಟು,
ಒಳಗ ನಾಲ್ಕು ಪದರ ನೈಲಾನ್ ಬಟ್ಟಿ.
ಹರದ್ರ ರಾತ್ರಿ ಎರಡಕ್ಕ ಎಬ್ಬಿಸಿ ಒಯ್ತಿದ್ರು.
ಅದು ನೆನಪಾಗಲಿಕ್ಕೆ
ಮೂರು ಸೋಲು ಬೇಕಾಯ್ತು.

ಗುಜರಿ ಯಾಸೀನನ ಕಡಿಂದ ಒಂದು ಮಾರು ತಂದು
ಅಂಗೈ ಅಗಲ ಕೊಯ್ದು,
ಉಕ್ಕಿನ ಪಟ್ಟಿಗೆ ರಿವೆಟ್ ಹೊಡದು,
ಕೀಲಿಗೆ ಸ್ಟೀಲ್ ಸರಳು.
ಬದಿಗೆ ಎಂಬತ್ತೆರಡು ಕೊಂಡಿ.

ಫರಸಿ ಮ್ಯಾಲ ಸಪ್ಪಳ ಇಲ್ಲ.
ಎರಿ ಹೊಲದ ಹೆಂಟಿ ಹತ್ತಿತು, ಇಳೀತು,
ತಿರುಗುವಾಗ ಒಮ್ಮೆ ನರಳಿತು, ಕಳಚಲಿಲ್ಲ.
ರುಕ್ನೋದ್ದೀನ ಮಣ್ಣಾಗ ಮೊಣಕಾಲೂರಿ
ಕೀಲು ಕೀಲು ಮುಟ್ಟಿ ನೋಡಿ,
"ಪಟ್ಟಿ ಅಲ್ಲೋ ಸವೆಯೋದು, ಸರಳು" ಅಂದ.
ನಾ ನಂಬಲಿಲ್ಲ.

ದೀಡ ತಿಂಗಳಿಗೆ ಎಡಗಡಿ ಪಟ್ಟಾ ಜೋತು ಬಿತ್ತು.
ಪಟ್ಟಿ ಒಂದೂ ಉದ್ದಾಗಿಲ್ಲ ಖರೆ, ಅಳದು ನೋಡೀನಿ.
ಒಂದೊಂದು ಕೀಲಿನಾಗ ದಾರದೆಳಿಯಷ್ಟು ಸವದದ,
ಎಂಬತ್ತೆರಡು ದಾರದೆಳಿ ಕೂಡಿದ್ರ ಒಂದು ಕೊಂಡಿ.
ಒಂದು ತಗದು ಬಿಗಿ ಮಾಡಿದ್ವಿ.
ಎಡಕ್ಕ ಈಗ ಎಂಬತ್ತೊಂದು.

ತಗದದ್ದನ್ನ ಗುಂಡಮ್ಮ ಒಯ್ದಾಳ.
ತಗಡಿನ ಬಾಗಲ ಗಾಳಿಗೆ ಬಡೀತಿತ್ತಲ್ಲ,
ಅದರ ಸಂದ್ಯಾಗ ಸಿಗಿಸ್ಯಾಳ.
ನಿನ್ನಿಯಿಂದ ಸಪ್ಪಳಿಲ್ಲ.
ಬಲಗಡಿದು ಯಾವಾಗ ಜೋಲ್ತದ ಅಂತ
ದಿನಾ ಕೇಳ್ತಾಳ,
ಹಿತ್ತಲ ಬಾಗಲಿಗೂ ಒಂದು ಬೇಕಂತ.